ಸ್ನಾನದ ನೀರಿಗೆ ಇನ್ನೊಂದು ಕೆಲಸ

ನಾನಿರುವ ಜಪಾನಿನಲ್ಲಿ ವಾಷಿಂಗ್ ಮಷಿನ್ ಕೊಂಡರೆ ಅದರ ಜೊತೆ ಒಂದು ಉದ್ದ ಪೈಪು ಬರುವುದುಂಟು. ಅದರ ತುದಿಯನ್ನು ಸ್ನಾನದ ತೊಟ್ಟಿಗೆ ಇಳಿಬಿಡಬೇಕು. ರಾತ್ರಿ ಮನೆಮಂದಿ ಸ್ನಾನ ಮಾಡಿದ ನೀರನ್ನು ಬೆಳಿಗ್ಗೆ ಮಷಿನ್ನೇ ಎಳೆದುಕೊಂಡು ಬಟ್ಟೆ ಒಗೆಯುತ್ತದೆ. ಕೊನೆಗೆ ಜಾಲಿಸುವುದಕ್ಕೆ ಮಾತ್ರ ನಲ್ಲಿ ನೀರು. ಊರಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ಮುಖ ಕಿವಿಚುತ್ತಾರೆ.

ಇಲ್ಲಿನ ಕ್ರಮ ತಿಳಿದರೆ ಅಷ್ಟು ಅಸಹ್ಯ ಅನಿಸುವುದಿಲ್ಲ. ತೊಟ್ಟಿಯ ಹೊರಗೆ ಪುಟ್ಟ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡ ಮೇಲೇ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಇರುವುದು ಮೈ ಕಾಯಿಸಿಕೊಳ್ಳುವುದಕ್ಕೆ. ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದೇ ನೀರಿಗೆ ಇಳಿಯುತ್ತಾರೆ. ಒಬ್ಬರು ಎದ್ದ ಕೂಡಲೇ ಮುಚ್ಚಳ ಎಳೆಯುತ್ತಾರೆ. ನೀರು ಆರಿದರೆ ಮತ್ತೆ ಗ್ಯಾಸ್ ಉರಿಸಬೇಕಲ್ಲ!

ಹಾಗಂತ ನಾನು ಜಪಾನಿಗೆ ಜೈ ಅನ್ನುತ್ತಿಲ್ಲ. ಆ ತೊಟ್ಟಿಗೆ ಹೆಚ್ಚೂಕಡಿಮೆ 200 ಲೀಟರ್ ನೀರು ಬೇಕು. ನಮ್ಮ ಬಕೆಟ್ಟು, ಚೊಂಬಿನ ಸ್ನಾನ 20 ಲೀಟರಿನಲ್ಲಿ ಮುಗಿಯುತ್ತದೆ. ನಾಲ್ಕು ಜನ ಮಿಂದರೂ 80. ಅದರ ಮುಂದೆ ಯಾವ ದೇಶದ ಜಾಣತನವೂ ನಿಲ್ಲುವುದಿಲ್ಲ. ಬಕೆಟ್ಟನ್ನು ಮೂಲೆಗೆ ತಳ್ಳಿ ನಾವು ತಂದಿಟ್ಟುಕೊಂಡಿದ್ದು ಶವರ್. ಅದು ನಿಮಿಷಕ್ಕೆ ಸುಮಾರು 10 ಲೀಟರ್ ಸುರಿಯುತ್ತದೆ. ಹಾಡು ಹೇಳಿಕೊಂಡು ನಿಂತರೆ ಲೆಕ್ಕ ನೀವೇ ಹಾಕಿ.

ನನಗೆ ಇಲ್ಲಿ ಹಿಡಿಸಿದ್ದು ಬೇರೆ ವಿಷಯ. ನೀರು ಉಳಿಸಿ ಅಂತ ಇಲ್ಲಿ ಯಾರೂ ಜಾಸ್ತಿ ಉಪದೇಶ ಮಾಡಬೇಕಾಗಿಲ್ಲ. ಉಳಿತಾಯವನ್ನು ಸಾಮಾನಿನೊಳಗೇ ಇಟ್ಟುಬಿಟ್ಟಿದ್ದಾರೆ. ಎಷ್ಟೋ ಮನೆಗಳಲ್ಲಿ ಕಮೋಡಿನ ಟ್ಯಾಂಕಿನ ತಲೆಯ ಮೇಲೆ ಒಂದು ಪುಟ್ಟ ನಲ್ಲಿ ಇರುತ್ತದೆ. ಫ್ಲಶ್ ಮಾಡಿದರೆ ಟ್ಯಾಂಕಿಗೆ ಹೋಗುವ ನೀರು ಮೊದಲು ಆ ನಲ್ಲಿಯಲ್ಲಿ ಬರುತ್ತದೆ. ಕೈ ತೊಳೆದರೆ ಅದೇ ನೀರು ಟ್ಯಾಂಕು ತುಂಬಿ ಮುಂದಿನ ಫ್ಲಶ್‌ಗೆ ಸಿದ್ಧ. ಎಂಥ ಸೋಮಾರಿಯೂ ಇಲ್ಲಿ ನೀರು ಉಳಿಸಿಯೇ ತೀರುತ್ತಾನೆ.

ನಮ್ಮಲ್ಲಿ ಉಳಿತಾಯ ಇದ್ದದ್ದು ಅಮ್ಮಂದಿರ ಕೈಯಲ್ಲಿ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಬಚ್ಚಲ ನೀರು ಬಾಳೆಯ ಬುಡಕ್ಕೆ, ಹಂಡೆಯ ಒಲೆಗೆ ತೆಂಗಿನ ಗರಿ, ಅಡಿಕೆ ಸಿಪ್ಪೆ. ಅದೇ ಅಮ್ಮನನ್ನು ಬೆಂಗಳೂರಿನ ಫ್ಲ್ಯಾಟಿಗೆ ಕರೆತಂದರೆ ಆ ನೀರನ್ನು ಎಲ್ಲಿ ಬಿಡಬೇಕು? ಎಲ್ಲದಕ್ಕೂ ಇರುವುದು ಒಂದೇ ದಾರಿ, ಮೋರಿ. ಅಭ್ಯಾಸವನ್ನು ಅಮ್ಮ ಬಿಟ್ಟಿದ್ದಲ್ಲ, ಪೈಪು ಬಿಡಿಸಿತು.

ಕರೆಂಟಿನ ವಿಷಯದಲ್ಲಿ ಮಾತ್ರ ನಾವೇ ಒಂದು ಕೈ ಮೇಲು. ನಮ್ಮ ಗೋಡೆಯ ಪ್ಲಗ್ಗಿಗೆಲ್ಲ ಪಕ್ಕದಲ್ಲೇ ಸ್ವಿಚ್ಚಿದೆ. ಇಲ್ಲಿನ ಗೋಡೆಗಳಲ್ಲಿ ಅದಿಲ್ಲ. ಹಾಗಾಗಿ ಜನ ದುಡ್ಡು ಕೊಟ್ಟು, ಪ್ರತಿ ಪ್ಲಗ್ಗಿಗೂ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ತರುತ್ತಾರೆ. ನಾವು? ಟಿವಿಯನ್ನು ರಿಮೋಟಿನಲ್ಲಿ ಆರಿಸಿ ಮಲಗುತ್ತೇವೆ. ಸೆಟ್‌ಟಾಪ್ ಬಾಕ್ಸು ರಾತ್ರಿಯೆಲ್ಲ ಬೆಚ್ಚಗಿರುತ್ತದೆ.

2011ರ ಭೂಕಂಪ, ಫುಕುಶಿಮಾ ಅಣುವಿದ್ಯುತ್ ಸ್ಥಾವರದ ದುರಂತ ಆದ ವರ್ಷದ ಬೇಸಿಗೆಯಲ್ಲಿ ಟೋಕಿಯೋ ಸುತ್ತಮುತ್ತ ಕರೆಂಟು ಬಳಕೆಯನ್ನು ನೂರಕ್ಕೆ 15ರಷ್ಟು ಇಳಿಸಲು ಸರ್ಕಾರ ಕೇಳಿತು. ಆಗ ಎಲ್ಲ ಕಡೆ ಹಬ್ಬಿದ್ದು ಹಾಗಲಬಳ್ಳಿ. ಕಿಟಕಿಯ ಮುಂದೆ ಬಲೆ ಕಟ್ಟಿ ಬಳ್ಳಿ ಹಬ್ಬಿಸಿದರೆ ಬಿಸಿಲು ಒಳಗೆ ಬರುವುದಿಲ್ಲ, ಎ.ಸಿ.ಗೆ ಕೆಲಸ ಕಡಿಮೆ. ಮನೆ, ಶಾಲೆ, ಸರ್ಕಾರಿ ಕಚೇರಿ ಎಲ್ಲೆಲ್ಲೂ ಹಾಗಲಕಾಯಿ ತೂಗುವುದನ್ನು ಈಗಲೂ ನೋಡಬಹುದು. ಪಶ್ಚಿಮಕ್ಕೆ ಕಿಟಕಿ ಇರುವ ಬೆಂಗಳೂರಿನ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು. ಗೊಜ್ಜಿಗೂ ಆಯಿತು!

ಆದರೆ ಇದೇ ಜಪಾನಿನಲ್ಲಿ ಕಮೋಡಿನ ಸೀಟನ್ನು ದಿನವಿಡೀ ಕರೆಂಟಿನಲ್ಲಿ ಬೆಚ್ಚಗಿಡುತ್ತಾರೆ. ಹಳೇ ಮನೆಗಳ ಗಾಜು ಎಷ್ಟು ತೆಳು ಅಂದರೆ ಚಳಿಗಾಲದಲ್ಲಿ ಹೀಟರಿನ ಬಿಸಿಯೆಲ್ಲ ಬೀದಿಪಾಲು. ಹೊಸ ಮನೆಗಳೆಲ್ಲ ಇಂಧನ ಉಳಿತಾಯದ ಮಟ್ಟ ಮುಟ್ಟಲೇಬೇಕು ಅನ್ನುವ ಕಾನೂನು ಜಾರಿಗೆ ಬಂದಿದ್ದೇ 2025ರ ಏಪ್ರಿಲ್‌ನಲ್ಲಿ.

ಇಲ್ಲಿಂದ ಒಂದೇ ಒಂದನ್ನು ತರಬಹುದು ಅಂದರೆ ನಾನು ತರುವುದು ನೀರಿನ ಮೀಟರನ್ನು. ನಾನಿರುವ ಯೊಕೊಹಾಮಾದಲ್ಲಿ ಎರಡು ತಿಂಗಳಿಗೊಮ್ಮೆ ನಮ್ಮ ಫ್ಲ್ಯಾಟಿನ ನೀರಿನ ಲೆಕ್ಕ ಬರುತ್ತದೆ. ಒಳಚರಂಡಿಯ ಶುಲ್ಕವೂ ಬಳಸಿದ ನೀರಿನ ಮೇಲೇ. ಹೆಚ್ಚು ಸುರಿದರೆ ಎರಡು ಸಲ ಕೊಡಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ದುಡ್ಡು ಮೆಂಟೆನೆನ್ಸಿನಲ್ಲಿ ಸೇರಿಹೋಗುತ್ತದೆ. ಬಕೆಟ್ಟಿನಲ್ಲಿ ಮೀಯುವವರಿಗೂ, ದಿನಾ ಬಾತ್‌ಟಬ್ ತುಂಬಿಸುವವರಿಗೂ ಒಂದೇ ಮೊತ್ತ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಒಳ್ಳೆಯದೇ. ಆದರೆ ಬಚ್ಚಲೊಳಗೆ ಯಾರು ಬಂದು ನೋಡುತ್ತಾರೆ? ಅಲ್ಲಿ ನೋಡುವುದು ಮೀಟರೇ.

ತಮ್ಮನಿಗೆ ಇದನ್ನು ಹೇಳಿದರೆ ಅವನದು ಬೇರೆ ತಕರಾರು. "ಅಣ್ಣಾ, ನಮ್ಮಲ್ಲಿ ಮನೆಗೊಂದು ಪೈಪ್ ಬರಲ್ಲ. ಅಡುಗೆಮನೆಗೊಂದು, ಒಂದೊಂದು ಬಾತ್‌ರೂಮಿಗೊಂದು ಮೇಲಿಂದ ಇಳಿಯುತ್ತೆ. ಒಂದು ಮನೆಗೆ ಮೂರ್ನಾಲ್ಕು ಮೀಟರ್ ಬೇಕು" ಅಂದ. ಅವನ ಮಾತು ಸುಳ್ಳಲ್ಲ, ಹಳೇ ಕಟ್ಟಡಗಳಿಗೆ ಅದು ಖರ್ಚಿನ ಬಾಬ್ತು. ಆದರೆ ಈಗ ಫ್ಲ್ಯಾಟ್ ಬುಕ್ ಮಾಡುವವರು ಈಜುಕೊಳ ಇದೆಯಾ, ಜಿಮ್ ಇದೆಯಾ ಅಂತ ಕೇಳುವ ಮೊದಲು ಬಿಲ್ಡರನ್ನು ಇದೊಂದು ಕೇಳಲಿ: ಮನೆಗೆ ನೀರಿನ ಪೈಪು ಎಷ್ಟು ಕಡೆಯಿಂದ ಬರುತ್ತದೆ, ಮೀಟರ್ ಎಲ್ಲಿದೆ?