ಸೊನ್ನೆ ಬರೆಯೋಕೆ ನಾಚಿಕೆ ಯಾಕೆ?

ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಒಂಬತ್ತು ವರ್ಷ ಆಯಿತು. ಅಲ್ಲಿ ಜನವರಿ ಕೊನೆಗೆ ಮನೆ ಹಿತ್ತಲಲ್ಲಿ ಕೂತು ಹಕ್ಕಿ ಎಣಿಸುವ ರೂಢಿ ಇದೆ, 1979ರಿಂದ. ಒಂದು ಗಂಟೆ ಕೂರಬೇಕು. ಒಂದು ಜಾತಿಯ ಹಕ್ಕಿ ಒಂದೇ ಹೊತ್ತಿಗೆ ಅತಿ ಜಾಸ್ತಿ ಎಷ್ಟು ಕಂಡವೋ ಅಷ್ಟೇ ಬರೆಯಬೇಕು, ಕೂಡುವ ಹಾಗಿಲ್ಲ. ಅದೇ ಹಕ್ಕಿ ನಾಲ್ಕು ಸಲ ಬಂದಿರಬಹುದಲ್ವಾ? ಪಕ್ಕದ ಮನೆ ಅಜ್ಜಿಗೆ ಒಂದು ವರ್ಷ ಒಂದೂ ಕಾಣಲಿಲ್ಲ. ಅದನ್ನೇ ಬರೆದು ಕಳಿಸಿದರು. ಪಾಪ, ಸುಮ್ನೆ ಚಳಿಯಲ್ಲಿ ಕೂತದ್ದು ದಂಡ ಅಂದುಕೊಂಡಿದ್ದೆ.

ಈ ಸಲ ರಜೆಗೆ ಮೈಸೂರಿಗೆ ಬಂದಾಗ ಗೆಳೆಯರ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತಿದೆ. ಎಲ್ಲರ ಮೊಬೈಲ್‌ನಲ್ಲೂ ಇ-ಬರ್ಡ್, ಕಂಡ ಹಕ್ಕಿಗಳ ಲೆಕ್ಕ ಬರೆದು ಕಳಿಸುವ ಆ್ಯಪ್. ಹೆಜ್ಜಾರ್ಲೆ (ಪೆಲಿಕನ್) ಇಪ್ಪತ್ತಾರು ಎಣಿಸಿದೆವು. "ನಲವತ್ತು ಹಾಕೋ, ಆ ಕಡೆ ಇರ್ತವೆ" ಅಂದ ಒಬ್ಬ. ಮಿಂಚುಳ್ಳಿ ಕಾಣಲೇ ಇಲ್ಲ. "ದಿನಾ ಇರುತ್ತೆ ಕಣೋ, ಒಂದು ಹಾಕು." ಕೊನೆಗೆ ಆ್ಯಪ್ ಕೇಳುತ್ತದೆ: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ್ದು ಆ ಹೊತ್ತು ಕಾಣಲಿಲ್ಲ ಅಂತ ಲೆಕ್ಕ. ಕಾಣದ ಮಿಂಚುಳ್ಳಿಯೂ ಮಾಹಿತಿಯೇ. ಎಣಿಸಲು ಆಗದಿದ್ದರೆ ಅಂಕಿಯ ಬದಲು ಎಕ್ಸ್ ಹಾಕಲೂ ಬಿಡುತ್ತಾರೆ. ಇಷ್ಟಾದರೂ ನಲವತ್ತು ಅಂತ ಬರೆದರೆ, ನಾಳೆ ನಿಜವಾಗಿ ಕಮ್ಮಿಯಾದಾಗ ಗೊತ್ತಾಗುವುದು ಹೇಗೆ?

ಗೆಳೆಯರು ಮೋಸಗಾರರಲ್ಲ. ಕೆರೆ ಮೇಲಿನ ಪ್ರೀತಿಗೆ ಹಾಗಂದರು. ಜೊತೆಗೆ ಹಳೇ ಅಭ್ಯಾಸ. ಪ್ರಾಕ್ಟಿಕಲ್ ಪರೀಕ್ಷೆ ನೆನಪಿದೆಯಾ? ಗುರುತ್ವದ ಉತ್ತರ 9.8 ಬರಬೇಕು, ಅದಕ್ಕೆ ತಕ್ಕ ಹಾಗೆ ಲೋಲಕದ ರೀಡಿಂಗ್ ಹೊಂದಿಸುತ್ತಿದ್ದೆವು. ನಾನೂ ಹೊಂದಿಸಿದವನೇ. ಪೂರ್ತಿ ಮಾರ್ಕ್ಸ್ ಬಂತು.

ಇಂಗ್ಲೆಂಡಿನವರೇನು ಹರಿಶ್ಚಂದ್ರನ ವಂಶದವರಲ್ಲ ಬಿಡಿ. ಹೇಸ್ಟಿಂಗ್ಸ್ ಊರಿನ ಸುತ್ತ 1892ರಿಂದ 1930ರವರೆಗೆ ಅಪರೂಪದ ಹಕ್ಕಿಗಳು ರಾಶಿ ರಾಶಿ ಸಿಕ್ಕಿದ್ದವಂತೆ. ಆ ಸುಮಾರು 600 ದಾಖಲೆಗಳನ್ನು ನಂಬುವ ಹಾಗಿಲ್ಲ ಅಂತ 1962ರಲ್ಲಿ ಅವರೇ ತೆಗೆದುಹಾಕಿದರು. ನನಗೆ ಹಿಡಿಸುವುದು ಆ ತೆಗೆದುಹಾಕಿದ ಕೆಲಸ. ನಮ್ಮ ಬಳಗದಲ್ಲಿ ಹಾಗೆ ಮಾಡಿದರೆ "ದೊಡ್ಡ ಸಾಚಾ ಬಂದ" ಅನ್ನುತ್ತೇವೆ.

ಮಾರನೇ ದಿನ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ. ಜಗಲಿ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಈ ಮರದಲ್ಲಿ ಗೂಡು ಎಷ್ಟಿರಬಹುದು ಯಜಮಾನ್ರೇ? ಒಂದು ಮೂವತ್ತು?"

"ಹನ್ನೊಂದ್ ಅವೆ. ಆ ಮರಕ್ಕೆ ಈ ಸತಿ ಬಂದೇ ಇಲ್ಲ ಕನಪ್ಪ."

ನಾನು ಕೇಳಿದ್ದು ಒಂದೇ ಮರದ ಲೆಕ್ಕ.