ತಂಡದ ಜಗಳಕ್ಕೆ ಎಂಬಿಟಿಐ ಸ್ವಭಾವ ಪರೀಕ್ಷೆ ಅನ್ನುವ ನಾಲ್ಕಕ್ಷರದ ಮದ್ದು: ಬೇಕಾ, ಬೇಡವಾ?

ಪರ: ಮಾತು ಶುರುವಾಗಲು ಒಂದು ನೆಪ ಬೇಕಲ್ಲ

ನಮ್ಮ ತಂಡದಲ್ಲಿ ಇಬ್ಬರಿದ್ದರು. ಅವಳು ಮೀಟಿಂಗ್‌ನಲ್ಲಿ ಮಾತಾಡುತ್ತಾ ಮಾತಾಡುತ್ತಲೇ ಯೋಚಿಸುವವಳು. ಅವನು ಅಲ್ಲಿ ತುಟಿ ಬಿಚ್ಚದೆ ಕೂತು, ರಾತ್ರಿ 11ಕ್ಕೆ ಎರಡು ಪುಟದ ಮೇಲ್ ಕಳಿಸುವವನು. ‘ಎದುರಿಗೆ ಹೇಳೋಕೆ ಏನು ಧಾಡಿ?’ ಅಂತ ಅವಳ ಸಿಟ್ಟು. ‘ಬಾಯಿಗೆ ಬಂದದ್ದನ್ನೆಲ್ಲ ಹೇಳಿ ನಾಳೆ ಮರೀತಾಳೆ’ ಅಂತ ಅವನ ದೂರು.

ಒಂದು ದಿನ ಎಚ್‌ಆರ್‌ನವರು ಎಂಬಿಟಿಐ ಮಾಡಿಸಿದರು. ಅಮೆರಿಕದ ಇಸಬೆಲ್ ಮೈಯರ್ಸ್ ಮತ್ತು ಅವರ ತಾಯಿ ಕ್ಯಾಥರೀನ್ ಬ್ರಿಗ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಲು ಶುರುಮಾಡಿದ ಪ್ರಶ್ನಾವಳಿ ಇದು. ನಾಲ್ಕು ಜೋಡಿ ಒಲವುಗಳು, ಜೋಡಿಗೊಂದು ಅಕ್ಷರದಂತೆ ನಾಲ್ಕಕ್ಷರದ ಹೆಸರು, ಅವುಗಳಿಂದ 16 ಬಗೆಯ ಜನ. ಇದರಲ್ಲಿ ಪಾಸು-ಫೇಲು ಇಲ್ಲ. ಅವನು ಅಂತರ್ಮುಖಿ, ಅವಳು ಬಹಿರ್ಮುಖಿ ಅಂತ ಬಂತು. ಗೊತ್ತಿರದ ವಿಷಯವೇನಲ್ಲ, ಬಿಡಿ. ಆದರೆ ಅವತ್ತು ಅವನು ಮೊದಲ ಸಲ ಎಲ್ಲರೆದುರು ಬಾಯಿ ಬಿಟ್ಟ: ‘ನನಗೆ ಹಿಂದಿನ ಸಂಜೆಯೇ ವಿಷಯ ಕೊಡಿ. ಬೆಳಿಗ್ಗೆ ಮಾತಾಡ್ತೀನಿ.’ ಕೊಟ್ಟೆವು. ಮಾತಾಡಿದ. ರಾತ್ರಿಯ ಮೇಲ್‌ಗಳು ನಿಂತವು.

ಪರೀಕ್ಷೆ ಕರಾರುವಾಕ್ಕಲ್ಲ ಅನ್ನುವ ತಕರಾರು ನನಗೂ ಗೊತ್ತು. ಬಸ್‌ಸ್ಟಾಪ್‌ನಲ್ಲಿ ಮಳೆಗೆ ನಿಂತವರು ‘ಏನ್ ಮಳೆ ಅಲ್ವಾ’ ಅಂತ ಮಾತಿಗಿಳಿಯುತ್ತಾರೆ. ಎಷ್ಟು ಮಿಲಿಮೀಟರ್ ಸುರಿಯಿತು ಅಂತ ಆಗ ಯಾರೂ ಅಳೆಯುವುದಿಲ್ಲ.

ವಿರೋಧ: ಗಿಣಿ ತೆಗೆದ ಕಾರ್ಡು

ಅಳೆಯದಿದ್ದರೆ ಸರಿ. ಆದರೆ ಇಲ್ಲಿ ಅಳೆದು, ಹೆಸರಿನ ಪಕ್ಕ ಬರೆದು, ಪ್ರಿಂಟರ್ ಪಕ್ಕದ ಗೋಡೆಗೂ ಅಂಟಿಸುತ್ತಾರಲ್ಲ?

ನನಗೆ ಒಂದು ಕಡೆ ಐಎನ್‌ಟಿಜೆ ಅಂತ ಬಂತು. ಮರುವರ್ಷ ಬೇರೆ ಆಫೀಸಿನಲ್ಲಿ ಐಎನ್‌ಎಫ್‌ಪಿ. ಎರಡು ಸಲವೂ ವಿವರಣೆ ಓದಿ ‘ಅರೆ, ಇದು ನಾನೇ’ ಅಂದುಕೊಂಡೆ! ಈ ಮೋಸಕ್ಕೆ ಹೆಸರೂ ಇದೆ: ಫೋರರ್ ಪರಿಣಾಮ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ‘ನಿನ್ನ ಸ್ವಭಾವ ಹೀಗಿದೆ’ ಅಂತ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟ. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ, ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಹುಡುಗರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ನಮ್ಮ ಜಾತ್ರೆಯ ಗಿಣಿಶಾಸ್ತ್ರದವನಿಗೆ ಇದು ಮೊದಲೇ ಗೊತ್ತಿತ್ತು.

ಇನ್ನೊಂದು ತೊಂದರೆ ಇದೆ. ಹೆಚ್ಚಿನ ಜನ ಈ ಜೋಡಿಗಳ ಮಧ್ಯದಲ್ಲಿ ಇರುತ್ತಾರೆ, ತುದಿಗಳಲ್ಲಲ್ಲ. ಐದಡಿ ಆರಂಗುಲಕ್ಕೆ ಗೆರೆ ಎಳೆದು ಈ ಕಡೆಯವರು ಗಿಡ್ಡ, ಆ ಕಡೆಯವರು ಉದ್ದ ಅಂದ ಹಾಗಾಯಿತು. ತಮಾಷೆ ಏನೆಂದರೆ, ಜಗಳಕ್ಕೆ ಬೇಕಾದ್ದೇ ಈ ನಾಲ್ಕಕ್ಷರದಲ್ಲಿಲ್ಲ. ಯಾರು ಬೇಗ ಕೆರಳುತ್ತಾರೆ, ಯಾರಿಗೆ ಆತಂಕ ಜಾಸ್ತಿ? ಮನಶ್ಶಾಸ್ತ್ರಜ್ಞರು ಹೆಚ್ಚು ನಂಬುವ ‘ಬಿಗ್ ಫೈವ್’ ಅನ್ನುವ ಐದು ಗುಣಗಳ ಪರೀಕ್ಷೆ ಅದನ್ನು ಅಳೆಯುತ್ತದೆ. ಎಂಬಿಟಿಐ ಅದರ ಗೋಜಿಗೇ ಹೋಗುವುದಿಲ್ಲ.

ನಾನು ಕಂಡ ಒಂದು ಜಗಳ ಹೇಳುತ್ತೇನೆ. ಕೋಡ್ ಬರೆಯುವವನಿಗೂ ಟೆಸ್ಟಿಂಗ್ ಮಾಡುವವಳಿಗೂ ದಿನಾ ಕಿತ್ತಾಟ. ‘ಅವಳು ಜೆ, ಇವನು ಪಿ, ಅದಕ್ಕೇ ಆಗಲ್ಲ’ ಅಂದರು ಮ್ಯಾನೇಜರ್. ಜೆ ಅಂದರೆ ಎಲ್ಲ ಮೊದಲೇ ಯೋಜಿಸಿಕೊಳ್ಳುವವರು, ಪಿ ಅಂದರೆ ಬಂದ ಹಾಗೆ ನೋಡಿಕೊಳ್ಳುವವರು. ಕಾರ್ಯಾಗಾರ ಆಯಿತು, ಪಿಜ್ಜಾ ಬಂತು, ಇಬ್ಬರೂ ತಲೆಯಾಡಿಸಿದರು. ಮುಂದಿನ ಶುಕ್ರವಾರ ಸಂಜೆ ಆರಕ್ಕೆ ಮತ್ತೆ ಕೋಡ್ ಅವಳ ಮೇಜಿಗೆ ಬಂತು. ಸೋಮವಾರ ಬೆಳಿಗ್ಗೆ ರಿಲೀಸ್. ಮತ್ತೆ ಶನಿವಾರ, ಭಾನುವಾರ ಅವಳದ್ದೇ ಹೋಯಿತು. ಕೋಡ್ ತಡವಾಗಿದ್ದು ಅವನ ತಪ್ಪೂ ಅಲ್ಲ. ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗುತ್ತಿದ್ದದ್ದೇ ಬುಧವಾರ. ಬುಧವಾರ ಅಂತ ತೀರ್ಮಾನಿಸಿದ್ದು ಇದೇ ಮ್ಯಾನೇಜರ್. ಸ್ವಭಾವದ ಹೆಸರಿಟ್ಟ ಮೇಲೆ ಕ್ಯಾಲೆಂಡರ್ ನೋಡುವ ಕಷ್ಟ ತಪ್ಪಿತು ಅವರಿಗೆ.

ಮೇಲೆ ಹೇಳಿದ ಮೇಲ್ ಹುಡುಗನ ವಿಷಯಕ್ಕೆ ಬಂದರೆ, ‘ನಿನಗೆ ಹೇಗೆ ಅನುಕೂಲ?’ ಅಂತ ಯಾರಾದರೂ ಸುಮ್ನೆ ಒಂದು ಮಾತು ಕೇಳಿದ್ದರಾ?