ಒಂಬತ್ತನೇ ಕಾಲಂನ ಚಿರಂಜೀವಿಗಳು

ಪುರಾಣದ ಲೆಕ್ಕದಲ್ಲಿ ಚಿರಂಜೀವಿಗಳು ಏಳೇ ಮಂದಿ. ಉಳಿದವರೆಲ್ಲ ಪಹಣಿಯಲ್ಲಿ ಜಮೀನಿನ ಮಾಲೀಕರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿದ್ದಾರೆ. ಮುತ್ತಜ್ಜ ತೀರಿಕೊಂಡು ಅರವತ್ತು ವರ್ಷವಾದರೂ ಜಮೀನು ಅವರದೇ ಹೆಸರಿನಲ್ಲಿ. ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೋದರೆ ಮೊದಲ ಪ್ರಶ್ನೆ, ‘ಮರಣ ಪ್ರಮಾಣ ಪತ್ರ ಎಲ್ಲಿ?’ ಅರ್ಜಿದಾರನಿಗೇ ಎಪ್ಪತ್ತು. ಅವನ ಮುತ್ತಜ್ಜ ಇನ್ನೂ ಬದುಕಿರಬಹುದೆಂಬ ಅನುಮಾನ ಕಚೇರಿಗೆ ಮಾತ್ರ.

ಸರಿ, ಹುಡುಕಿ. ಜನನ ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೂ ಮುಂಚೆ ಸತ್ತವರು ಪಟೇಲ, ಶಾನುಭೋಗರ ಪುಸ್ತಕದಲ್ಲಿರಬೇಕು, ಪುಸ್ತಕ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರಬೇಕು, ಅಲ್ಲಿ ಗೆದ್ದಲು ಇರಬಾರದು. ರಿಜಿಸ್ಟರ್ ಸಾಗುವುದು ಊರು, ವರ್ಷದ ಪ್ರಕಾರ. ಹೆಸರಿನ ಪ್ರಕಾರ ಅಲ್ಲ. ‘ದೊಡ್ಡ ಬರ ಬಿದ್ದ ವರ್ಷ, ಕಾರಹುಣ್ಣಿಮೆ ಮಾರನೇ ದಿನ’ ಎಂದರೆ ಅರ್ಜಿಯ ಯಾವ ಚೌಕದಲ್ಲೂ ಹಿಡಿಸುವುದಿಲ್ಲ. ವರ್ಷ ಗೊತ್ತಿಲ್ಲವೇ, ಒಂದೊಂದು ವರ್ಷಕ್ಕೂ ಬೇರೆ ಶುಲ್ಕ. ಹುಟ್ಟಾಗಲಿ ಸಾವಾಗಲಿ, ನೋಂದಣಿ ಆಗುವುದು ಅದು ನಡೆದ ಊರಲ್ಲಿ. ಚೊಚ್ಚಲ ಹೆರಿಗೆ ತವರಲ್ಲಾದ್ದರಿಂದ ಹಿರಿಮಗನ ಜನನ ಅಜ್ಜಿಯ ತವರೂರಲ್ಲಿ, ತಮ್ಮಂದಿರದು ಇಲ್ಲಿ. ಸಿಕ್ಕ ಸಾಲಿನಲ್ಲೂ ‘ಗಂಡು ಮಗು’ ಎಂದಷ್ಟೇ: ನಾಮಕರಣವಾದ ಮೇಲೆ ಹೆಸರು ಸೇರಿಸಲು ಯಾರೂ ಮರಳಿ ಹೋಗಿಲ್ಲ. ಬೀದರ್, ಕಲಬುರಗಿ ಕಡೆ ಹಳೆಯ ಕಡತ ಉರ್ದುವಿನಲ್ಲಿ, ನಿಜಾಮರ ಕಾಲದ ಕಂದಾಯ ವರ್ಷವಾದ ಫಸಲಿ ಲೆಕ್ಕದಲ್ಲಿ. ಮುತ್ತಜ್ಜ 1350ರಲ್ಲಿ ಜಮೀನು ಕೊಂಡರೆಂದಿದ್ದರೆ ವಿಜಯನಗರದ ಕಾಲದವರೆಂದು ಹಿಗ್ಗಬೇಡಿ, 590 ಕೂಡಿಸಿ.

ಕೊನೆಗೆ ಸಿಗುವುದು ನಮೂನೆ 10. ದಾಖಲೆ ಇಲ್ಲವೆಂದು ಸಹಿ, ಮೊಹರು ಹಾಕಿ ಕೊಡುವ ದಾಖಲೆ! ವಂಶ ಹುಡುಕುವವರಿಗೆ ಗ್ಯಾರಂಟಿಯಾಗಿ ಕೈಗೆ ಬರುವ ಕಾಗದ ಇದೊಂದೇ. ಜೋಪಾನ, ಮುಂದೆಯೂ ಇದನ್ನೇ ಕೇಳುತ್ತಾರೆ. ಒಂದು ವರ್ಷ ಮೀರಿದ ಸಾವನ್ನು ಬರೆಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು; 2023ರ ತಿದ್ದುಪಡಿಯಿಂದ ಈ ಕೆಲಸ ಕೋರ್ಟು ಬಿಟ್ಟು ಜಿಲ್ಲಾ, ಉಪವಿಭಾಗ ದಂಡಾಧಿಕಾರಿಗಳ ಮೇಜಿಗೆ ಬಂದಿದೆ. ಅಫಿಡವಿಟ್ ಸರಿ, ಸಾಕ್ಷಿಗೇನು ಮಾಡುವುದು? ಆ ಸಾವು ಕಂಡವರೆಲ್ಲ ಸತ್ತಿದ್ದಾರೆ. ಅವರ ಮರಣ ಪತ್ರವೂ ಇಲ್ಲ.

ಇತ್ತ ಮನೆತನಗಳ ವಂಶಾವಳಿ ಹೇಳುವ ಹೆಳವರು ಎತ್ತಿನ ಮೇಲೆ ಬಂದು, ಮೂಲಪುರುಷ ಯಾವೂರಿಂದ ಬಂದ, ಯಾರಿಗೆ ಯಾರು ಹುಟ್ಟಿದರು ಎಂದೆಲ್ಲ ಒಪ್ಪಿಸಿ, ಕೊಟ್ಟ ಜೋಳ ತೆಗೆದುಕೊಂಡು ಹೋಗುತ್ತಾರೆ. ಅವರಲ್ಲಿ ಸರ್ವರ್ ಡೌನ್ ಆಗುವುದಿಲ್ಲ. ಮೊಹರೂ ಇಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.

ಮೊಹರಿರುವ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ, ನೋಟರಿ ಅಫಿಡವಿಟ್, ಗ್ರಾಮ ಆಡಳಿತಾಧಿಕಾರಿಯ ಮಹಜರು. ಪಹಣಿಯ ‘ಸಣ್ಣಪ್ಪ ಬಿನ್ ದೊಡ್ಡಪ್ಪ’, ಆಧಾರ್‌ನ ‘ಸಣ್ಣಯ್ಯ ಡಿ’ ಇಬ್ಬರೂ ಒಬ್ಬನೇ ಎನ್ನಲು ಇನ್ನೊಂದು ಅಫಿಡವಿಟ್. ಇಷ್ಟೆಲ್ಲ ನೆನಪಿಟ್ಟು ಬರೆಸುವ ಅಣ್ಣತಮ್ಮಂದಿರಿಗೆ ಒಡಹುಟ್ಟಿದ ಅಕ್ಕತಂಗಿಯರು ಮಾತ್ರ ಮರೆತುಹೋಗುತ್ತಾರೆ. ಅಕ್ಕ ಪಾಲು ಕೇಳಿ ದಾವೆ ಹೂಡಲಿ, ಆಗ ನೋಡಿ: ಯಾರಿಗೂ ಸಿಗದಿದ್ದ ಜನನ ದಾಖಲೆ, ಶಾಲೆಯ ಟಿ.ಸಿ., ಮದುವೆಯ ಲಗ್ನಪತ್ರಿಕೆ ಎಲ್ಲ ಆಕೆಯ ವಕೀಲರ ಫೈಲಿನಲ್ಲಿ ಹಾಜರ್. ಟಿ.ಸಿ.ಯಲ್ಲಿರುವ ಹುಟ್ಟಿದ ತಾರೀಕು ಮಾತ್ರ ಮೇಷ್ಟ್ರು ಊರಿನ ಅರ್ಧ ಮಕ್ಕಳಿಗೆ ಹಂಚಿದ್ದೇ, ಜೂನ್ 1.